ಶನಿವಾರದ ಹಡಗಿಗೆ ಡ್ಯೂಕ್

ಡುಗಾಲ್ಡ್ ಮೆಕರ್ಡಿಗೆ ಎಲ್ಲರ ಹಾಗೆ ಎರಡು ಕಿವಿ ಇದ್ದವು, ಕೇಳಿಸುತ್ತಿದ್ದದ್ದು ಒಂದು. ಎಡಗಿವಿಯನ್ನು ಸ್ಟೀಮರಿನ ಎಂಜಿನ್ನು ಎಂದೋ ನುಂಗಿ ನೀರು ಕುಡಿದಿತ್ತು. ಉಳಿದ ಬಲಗಿವಿ ಇಬ್ಬರ ಕೆಲಸ ಒಬ್ಬನ ಮೇಲೆ ಬಿದ್ದ ಗುಮಾಸ್ತನ ಹಾಗೆ, ಮಾತಿನ ಅರ್ಧ ಒಳಗೆ ಬಿಟ್ಟು ಮಿಕ್ಕದ್ದಕ್ಕೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಆ ಮಿಕ್ಕದ್ದನ್ನು ಡುಗಾಲ್ಡ್ ತನ್ನ ತಲೆಯಿಂದ ತುಂಬಿಸಿಕೊಳ್ಳುತ್ತಿದ್ದ. ಅದರಲ್ಲೂ ‘ಬೇಡ’, ‘ಇಲ್ಲ’ ಎಂಬ ಮಾತುಗಳಿಗೂ ಅವನ ಕಿವಿಗೂ ಎಣ್ಣೆ ಸೀಗೆ ಸಂಬಂಧ. ಹಾಲು ಬೇಡ ಎಂದವರಿಗೆ ಅವನು ಧಾರಾಳವಾಗಿ ಹಾಲು ಹಾಕಿ ಕೊಡುತ್ತಿದ್ದ.

ಕೊಡುವುದು ಅವನ ಉದ್ಯೋಗವೇ. ವೀಮ್ಸ್ ಬೇ ದಡದಿಂದ ಬ್ಯೂಟ್ ದ್ವೀಪದ ರಾಥ್ಸೆ ಊರಿಗೆ ಬರುವ ಹಡಗಿನಲ್ಲಿ ಅವನು ಚಹಾ ಕೊಡುವ ಸ್ಟೂವರ್ಡ್. ಸಣ್ಣ ಕೆಲಸ ಎಂದು ಯಾರೂ ಮೂಗು ಮುರಿಯಬಾರದು. ಸ್ಕಾಟ್ಲೆಂಡನ್ನು ಅಷ್ಟು ಕಾಲ ಆಳಿದ ಸ್ಟೂವರ್ಟ್ ವಂಶಕ್ಕೆ ಆ ಹೆಸರು ಬಂದದ್ದೇ ಅವರ ಹಿರಿಯರು ಅರಮನೆಯ ಸ್ಟೂವರ್ಡರಾಗಿ ರಾಜನ ಮನೆವಾರ್ತೆ ನೋಡಿಕೊಳ್ಳುತ್ತಿದ್ದುದರಿಂದ. ಇವತ್ತಿಗೂ ರಾಜನ ಹಿರಿಮಗ ಸ್ಕಾಟ್ಲೆಂಡಿನಲ್ಲಿ ರಾಥ್ಸೆಯ ಡ್ಯೂಕ್. ಆ ಬಿರುದಿನ ಬಾಲದಲ್ಲಿ ಇನ್ನೂ ನಾಲ್ಕಾರು ಬಿರುದುಗಳು ತೂಗಾಡುತ್ತವೆ, ಕೊಟ್ಟಕೊನೆಯದು ‘ಸ್ಕಾಟ್ಲೆಂಡಿನ ಮಹಾ ಸ್ಟೂವರ್ಡ್’. ಆದ್ದರಿಂದ ಹಡಗಿನ ಜನ ಡುಗಾಲ್ಡನನ್ನು “ಮಹಾ ಸ್ಟೂವರ್ಡರೇ, ಈ ಕಡೆ ಒಂದು ಚಹಾ” ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಟೀನಿ ಗಂಡು ಹೆತ್ತ ದಿನ ಕಪ್ತಾನ ಸೀಟಿ ಊದಿಸಿ, “ಮಹಾ ಸ್ಟೂವರ್ಡನ ಮಗ ಅಂದ್ಮೇಲೆ ರಾಥ್ಸೆಯ ಡ್ಯೂಕ್ ತಾನೆ” ಎಂದ. ಪಾದ್ರಿ ಮಗುವಿಗೆ ಲಾಕ್ಲನ್ ಎಂದು ಹೆಸರಿಟ್ಟದ್ದು ಇಗರ್ಜಿಯ ಒಳಗೇ ಉಳಿಯಿತು. ಹೊರಗೆ ಅವನು ಡ್ಯೂಕ್. ಸೇಬು ಕದ್ದವನು ಡ್ಯೂಕ್, ಬೆಲ್ ಲಾಮಂಟಳ ಕಿಟಕಿ ಒಡೆದವನು ಡ್ಯೂಕ್, ಹತ್ತೊಂಬತ್ತಕ್ಕೆ ಸರಕು ಹಡಗು ಹತ್ತಿ ಯುದ್ಧದ ಕಡಲಿಗೆ ಹೋದವನೂ ಡ್ಯೂಕ್. ಹಡಗು ಮುಳುಗಿತು ಎಂದು ತಂತಿ ಬಂದಾಗ ಮಾತ್ರ ಅದರಲ್ಲಿ ಲಾಕ್ಲನ್ ಮೆಕರ್ಡಿ ಎಂದಿತ್ತು. ಅಂಚೆಯವನು ಅದು ಯಾರಪ್ಪ ಎಂದು ಒಂದು ನಿಮಿಷ ಬೀದಿಯಲ್ಲೇ ನಿಂತಿದ್ದನಂತೆ.

ಆ ಸಂಜೆ ಟೀನಿ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಗಂಡನಿಗೆ ಒಂದೇ ಒಂದು ಮಾತು ಹೇಳಿದಳು. ಹೇಳುವಾಗಲೇ ಕೊನೆಯ ಹಡಗಿನ ಸೀಟಿ ಊದಿತು. “ಅವನ ಹೆಸರು ಎತ್ತಬೇಡ, ಡುಗಾಲ್ಡ್.” ಡುಗಾಲ್ಡ್ ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆಯೇ ಅವನು ಟೋಪಿ ಕೈಯಲ್ಲಿ ಹಿಡಿದು ಬೇಕರಿಯಿಂದ ಹಿಡಿದು ಮೀನಿನ ಕಟ್ಟೆಯವರೆಗೆ ಎಲ್ಲರ ಹತ್ತಿರ ಹೋದ. “ಅವಳ ಮುಂದೆ ಆ ಹೆಸರು ಎತ್ತಬೇಡಿ. ಅವಳೇ ಹೇಳಿದಾಳೆ.”

ಸ್ಕಾಟ್ಲೆಂಡಿನ ಜನಕ್ಕೆ ಹಾಡು ಎಂದರೆ ಹಾಡುತ್ತಾರೆ. ಸುಮ್ಮನಿರು ಎಂದರೆ ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಡ್ಯೂಕನ ಬಿರುದಿಗೆ ತನ್ನ ಹೆಸರನ್ನೇ ಕೊಟ್ಟ ಊರು ಆ ಶಬ್ದವನ್ನು ನಾಲಿಗೆಯಿಂದ ಒರೆಸಿ ಹಾಕಿತು. ಡ್ಯೂಕಿನ ಹೆಸರಿನ ಹೆಂಡದಂಗಡಿ ‘ಆ ಮೂಲೆ ಅಂಗಡಿ’ ಆಯಿತು. ಟೀನಿ ಶಾಲೆಯ ನೆಲ ಒರೆಸಲು ಬಂದಳೆಂದರೆ ಮಿಸ್ ಬ್ಯಾನಟೈನ್ ಟೀಚರ್ ಇತಿಹಾಸದ ಪಾಠದ ನಡುವೆ “ರಾಥ್ಸೆಯ... ಆ ಇವರು” ಎಂದು ತಡವರಿಸುತ್ತಿದ್ದರು. ಎಲ್ಲಕ್ಕಿಂತ ಅನ್ಯಾಯವಾದದ್ದು ಎದುರು ಬಾಗಿಲಿನ ಬೆಲ್ ಲಾಮಂಟಳ ನಾಯಿಗೆ. ಅದರ ಹೆಸರೂ ಡ್ಯೂಕ್. ರಾತ್ರಿ ಬೆಳಗಾಗುವುದರಲ್ಲಿ ಅದು ಸ್ಯಾಂಡಿ ಆಯಿತು. ಪಾಪದ ಪ್ರಾಣಿ ಸಾಯುವವರೆಗೂ ಆ ಹೆಸರಿಗೆ ತಿರುಗಿ ನೋಡಲಿಲ್ಲ.

ಟೀನಿ ತನ್ನ ಸರದಿ ಬಂದಾಗ ಎಲ್ಲ ಮನೆಗಳಿಗೂ ಸೇರಿದ ಮೆಟ್ಟಿಲು ತೊಳೆದಳು, ಬ್ರೆಡ್ಡಿನ ಸಾಲಿನಲ್ಲಿ ನಿಂತಳು, ಮಳೆ ಬಂದರೆ ಮಳೆ ಬಂತು ಎಂದಳು. ಐದು ವರ್ಷ ಅವರ ಮನೆಯಲ್ಲಿ ಹವಾಮಾನದ ಮಾತು ಎಷ್ಟಾಯಿತೆಂದರೆ, ಅಷ್ಟು ಹವಾಮಾನ ಆ ದ್ವೀಪದ ಮೇಲೆ ನಿಜಕ್ಕೂ ಬಂದಿರಲಾರದು.

ಯುದ್ಧ ಮುಗಿದು ಎರಡು ವರ್ಷವಾದ ಆ ಬೇಸಿಗೆಯಲ್ಲಿ, ಒಂದು ಬುಧವಾರ, ಹಡಗಿನ ಊಟದ ಕೋಣೆಯಲ್ಲಿ ಒರಟು ಉಣ್ಣೆಯ ಕೋಟಿನ ಇಬ್ಬರು ದೊಡ್ಡಮನುಷ್ಯರು ಕೂತಿದ್ದರು. ಹಡಗಿನ ಚಕ್ರಗಳು ನೀರು ಬಡಿಯುವ ಸದ್ದಿನ ನಡುವೆ ಡುಗಾಲ್ಡ್ ತಟ್ಟೆ ಇಳಿಸುವಾಗ ಒಬ್ಬರು ಹೇಳುತ್ತಿದ್ದರು: “ಶನಿವಾರ ಮಧ್ಯಾಹ್ನದ ಹಡಗಿಗೆ ರಾಥ್ಸೆಯ ಡ್ಯೂಕ್ ಬರ್ತಾನೆ.”

ಡುಗಾಲ್ಡ್ ಇಳಿಸುತ್ತಿದ್ದ ತಟ್ಟೆಯನ್ನು ಮತ್ತೆ ಎತ್ತಿಕೊಂಡ. ಐದು ವರ್ಷದಲ್ಲಿ ಆ ಶಬ್ದ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

“ವಂಶ ಅಂದ್ರೆ ವಂಶ ಕಣ್ರಿ,” ಎಂದರು ಇನ್ನೊಬ್ಬರು. “ತಾತ ಮುತ್ತಾತನವರೆಗೂ ಲೆಕ್ಕ ಇದೆ. ಏನು ಎದೆ, ಏನು ನಡಿಗೆ.”

“ಆದ್ರೆ ಸ್ವಲ್ಪ ಮುಂಗೋಪಿ. ಜನ ಗುಂಪು ಕಟ್ಟಬಾರದು. ಬ್ಯಾಂಡಂತೂ ಬೇಡವೇ ಬೇಡ.”

ಡುಗಾಲ್ಡನ ಬಲಗಿವಿ ತನ್ನ ಕರ್ತವ್ಯ ಮಾಡಿತು. ಜನ ಗುಂಪು ಕಟ್ಟಬೇಕು, ಬ್ಯಾಂಡಂತೂ ಬೇಕೇ ಬೇಕು.

ಹಡಗು ದಡ ಮುಟ್ಟುತ್ತಲೂ ಅವನು ಈ ಸುದ್ದಿಯನ್ನು ಬಂದರುಕಟ್ಟೆಯ ಮೇಸ್ತ್ರಿ ನೀನಿಯನ್ ಸ್ಪೈರ್ಸನಿಗೆ ಹೇಳಿದ. ಹೇಳಿದ್ದು ಅವನ ಬಲಗಿವಿಗೆ, ಗುಟ್ಟಾಗಿ. ಆದರೆ ಡುಗಾಲ್ಡನ ಗುಟ್ಟು ಎಂದರೆ ಕಿವುಡರ ಗುಟ್ಟು. ಕಟ್ಟೆಯ ಆ ತುದಿಯಲ್ಲಿ ಬಲೆ ಹೆಣೆಯುತ್ತಿದ್ದವರೂ ತಲೆ ಎತ್ತಿದರು.

“ಯಾವ ಡ್ಯೂಕೋ?” ನೀನಿಯನ್ ಕೇಳಿದ. ಕೇಳಿ, ಆ ಶಬ್ದ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿ ಟೋಪಿ ತೆಗೆದ.

“ಅರಮನೆಯವನು ಕಣೋ. ಎದೆ ಅಂದ್ರೆ ಎದೆಯಂತೆ.”

ಆ ಮಧ್ಯಾಹ್ನವೇ ಪ್ರೊವೊಸ್ಟ್ ಗಿಲ್‌ಕ್ರಿಸ್ಟರು ಪುರಸಭೆಯಲ್ಲಿ ತುರ್ತು ಸಭೆ ಕರೆದರು. ಪ್ರೊವೊಸ್ಟ್ ಎಂದರೆ ಊರಿಗೆ ಅಧ್ಯಕ್ಷರು. ಇವರು ಉಳಿದ ಹೊತ್ತಿನಲ್ಲಿ ಬಟ್ಟೆ ವ್ಯಾಪಾರಿ. ಅಧಿಕಾರದ ಚಿನ್ನದ ಸರಪಳಿ ಯುದ್ಧದುದ್ದಕ್ಕೂ ಪೆಟ್ಟಿಗೆಯಲ್ಲಿ ಮಲಗಿತ್ತು, ಅದಕ್ಕೆ ಒಂದು ಕತ್ತು ಬೇಕಾಗಿತ್ತು.

“ಒಂದು ತೊಂದರೆ ಇದೆ, ಪ್ರೊವೊಸ್ಟರೇ,” ಎಂದರು ಮಿಸ್ ಬ್ಯಾನಟೈನ್. “ರಾಥ್ಸೆಗೆ ಈಗ ಡ್ಯೂಕೇ ಇಲ್ಲ.”

“ಇಲ್ಲ ಅಂದ್ರೆ?”

“ಆ ಬಿರುದು ರಾಜನ ಹಿರಿಮಗನಿಗೆ ಮಾತ್ರ. ಈಗಿನ ರಾಜರಿಗೆ ಇಬ್ಬರೂ ಹೆಣ್ಣುಮಕ್ಕಳು. ಹಿಂದಿನ ಡ್ಯೂಕ್ ರಾಜನಾಗಿ, ವರ್ಷ ತುಂಬೋದ್ರೊಳಗೆ ಸಿಂಹಾಸನ ಬಿಟ್ಟು ಹೋದ್ರಲ್ಲ, ಆವತ್ತಿಂದ ಆ ಜಾಗ ಖಾಲಿ.”

“ಖಾಲಿ ಇದ್ರೆ ಒಳ್ಳೇದೇ ಆಯ್ತಲ್ಲ ಟೀಚರ್,” ಎಂದರು ಪ್ರೊವೊಸ್ಟರು. “ತುಂಬಿರೋ ಕುರ್ಚಿಗೆ ಯಾರು ಬಂದು ಕೂರ್ತಾರೆ? ಖಾಲಿ ಇರೋದಕ್ಕೇ ಬರ್ತಿರೋದು.”

ಈ ತರ್ಕಕ್ಕೆ ಸಭೆ ಮೇಜು ಕುಟ್ಟಿತು. ಬ್ಯಾಂಡ್ ಗೊತ್ತಾಯಿತು. ಶಾಲೆಗೆ ರಜೆ ಗೊತ್ತಾಯಿತು. ಕೋಟೆಯ ಕಂದಕದ ಬಾತುಕೋಳಿಗಳನ್ನು ಒಂದು ಕಡೆ ಓಡಿಸುವುದೆಂದೂ ಗೊತ್ತಾಯಿತು. ಮಿಸ್ ಬ್ಯಾನಟೈನ್ ಮತ್ತೆ ಕೈ ಎತ್ತಿದಾಗ ಅವರಿಗೆ ಹೂಗುಚ್ಛದ ಜವಾಬ್ದಾರಿ ಕೊಟ್ಟು ಕೂರಿಸಿದರು.

ಇಷ್ಟು ಗದ್ದಲದಲ್ಲಿ ಊರಿಗೆ ಡುಗಾಲ್ಡ್ ಕೇಳಿಕೊಂಡದ್ದೇ ಮರೆತುಹೋಯಿತು. ಐದು ವರ್ಷ ಕಟ್ಟಿಹಾಕಿದ್ದ ನಾಲಿಗೆ ಒಮ್ಮೆಲೇ ಹಗ್ಗ ಕಿತ್ತುಕೊಂಡಿತ್ತು. ಸಂಜೆ ಶಾಲೆಯ ಮಕ್ಕಳು ಕೈಯಲ್ಲಿ ಕಾಗದದ ಬಾವುಟ ಹಿಡಿದು ಬೀದಿಗುಂಟ ಕೂಗುತ್ತ ಓಡಿದರು: “ಡ್ಯೂಕ್ ಬರ್ತಾನೆ, ಶನಿವಾರ ಡ್ಯೂಕ್ ಮನೆಗೆ ಬರ್ತಾನೆ!” ಟೀನಿಯ ಕಿಟಕಿಯ ಕೆಳಗೇ ಕೂಗಿದರು.

ಡುಗಾಲ್ಡ್ ಮನೆಗೆ ಬಂದಾಗ ಒಳಕೋಣೆಯ ಬಾಗಿಲು ತೆರೆದಿತ್ತು. ಆ ಬಾಗಿಲು ತೆರೆಯುತ್ತದೆ ಎಂಬುದೇ ಅವನಿಗೆ ಮರೆತಿತ್ತು. ಹಾಸಿಗೆ ಕಿಟಕಿಯ ಬಿಸಿಲಿಗೆ ಬಿದ್ದಿತ್ತು. ಕುರ್ಚಿಯ ಬೆನ್ನಿಗೆ ಮಗನ ನೀಲಿ ಉಣ್ಣೆಯ ಅಂಗಿ. ಅಡುಗೆಮನೆಯ ಮೇಜಿನ ಮೇಲೆ ತಿಂಗಳಿಡೀ ಬರಬೇಕಾದ ರೇಷನ್ ಸಕ್ಕರೆ, ಕೊಬ್ಬು, ಒಣದ್ರಾಕ್ಷಿ ಎಲ್ಲ ಒಂದೇ ಬೋಗುಣಿಗೆ ಬಿದ್ದು, ಟೀನಿ ಅದನ್ನು ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಕಡುಬಿಗೆ ಕಲಸುತ್ತಿದ್ದಳು. ಹುಟ್ಟುಹಬ್ಬಕ್ಕೆ ಮಾಡುವ ಕಡುಬು ಅದು.

“ಡ್ಯೂಕ್ ಬರ್ತಾನಂತಲ್ಲ,” ಎಂದಳು, ತಲೆ ಎತ್ತದೆ.

ಡುಗಾಲ್ಡನ ಎರಡು ಕಿವಿಯೂ ಆ ಕ್ಷಣಕ್ಕೆ ಚೆನ್ನಾಗಿ ಕೇಳಿಸಿದವು.

“ಟೀನಿ, ಅದು... ಆ ಡ್ಯೂಕು...”

“ಮಧ್ಯಾಹ್ನದ ಹಡಗಾ?”

“ಹೂಂ. ಆದ್ರೆ ಅದು...”

“ಹಾಗಾದ್ರೆ ಕಡುಬು ಶನಿವಾರ ಬೆಳಿಗ್ಗೇನೇ ಬೇಯಬೇಕು. ಸ್ವಲ್ಪ ಸೌದೆ ತಂದುಕೊಡು.”

ಅವನು ಸೌದೆ ತಂದುಕೊಟ್ಟ. ಹೇಳಬೇಕಾದದ್ದನ್ನು ಹೇಳಲು ಇನ್ನೆರಡು ಸಲ ಬಾಯಿ ತೆರೆದ. ಒಂದು ಸಲ ಅವಳು ಆ ಬಾಯಿಗೆ ಒಣದ್ರಾಕ್ಷಿ ಹಾಕಿ “ಹುಳಿಯಾ ನೋಡು” ಎಂದಳು, ಇನ್ನೊಂದು ಸಲ ಅವಳು ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದಳು. ಅದನ್ನು ತಡೆಯುವ ಧೈರ್ಯ ಮಹಾ ಸ್ಟೂವರ್ಡನಿಗೆ ಆಗಲಿಲ್ಲ.

ಅವನು ಎದುರು ಬಾಗಿಲು ತಟ್ಟಿದ. ಬೆಲ್ ಲಾಮಂಟ್ ಎಲ್ಲ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

“ನೀನೇ ಹಚ್ಚಿದ ಬೆಂಕಿ. ನೀನೇ ಹೋಗಿ ಆರಿಸು.”

“ನೀನು ಹೆಂಗಸು ಬೆಲ್. ಹೆಂಗಸರಿಗೆ ಹೇಗೆ ಹೇಳ್ಬೇಕು ಅಂತ ಹೆಂಗಸರಿಗೇ ಗೊತ್ತು.”

“ನನಗೆ ಗೊತ್ತಿರೋದು ಇಷ್ಟೇ. ಐದು ವರ್ಷ ನಾನು ನನ್ನ ಸ್ವಂತ ನಾಯೀನ ಅದರ ಹೆಸರಿಂದ ಕರೀಲಿಲ್ಲ. ನನ್ನ ಪಾಲಿನ ಕೆಲಸ ಮುಗೀತು.”

ಕೊನೆಗೆ ಅವನು ಮಿಸ್ ಬ್ಯಾನಟೈನರ ಕಾಲು ಹಿಡಿದ. ಟೀಚರು ಸುಳ್ಳು ಹೇಳುವುದಿಲ್ಲ, ನಯವಾಗಿ ಹೇಳುತ್ತಾರೆ, ಮೇಲಾಗಿ ಈ ಡ್ಯೂಕ್ ಬೇರೆ, ಆ ಡ್ಯೂಕ್ ಬೇರೆ ಎಂದು ಸಾಲಾಗಿ ಬಿಡಿಸಿ ಹೇಳಬಲ್ಲವರು ಊರಿಗೆ ಅವರೊಬ್ಬರೇ. ಶುಕ್ರವಾರ ಸಂಜೆ ಅವರು ಟೀನಿಯ ಅಡುಗೆಮನೆಯಲ್ಲಿ ಟೋಪಿ ತೆಗೆಯದೆ ಕೂತರು. ಡುಗಾಲ್ಡ್ ಬಾಗಿಲ ಹಿಂದೆ ಬಲಗಿವಿ ಒತ್ತಿ ನಿಂತ.

“ಟೀನಿ, ರಾಥ್ಸೆಯ ಡ್ಯೂಕ್ ಅನ್ನೋದು ಹಳೇ ಬಿರುದು. ಅದು ಯಾರ್ಯಾರಿಗೆ ಬಂತು ಅಂತ ನಿನಗೆ ಹೇಳೋಣ ಅಂತ ಬಂದೆ.”

“ಹೇಳಿ ಟೀಚರ್. ನೀವು ಪಾಠ ಮಾಡುವಾಗ ನಾನು ಒರೆಸ್ತಾ ಇರ್ತೀನಿ, ಪೂರ್ತಿ ಕೇಳೋಕಾಗಲ್ಲ.”

“ಮೊದಲನೆಯವನು ಡೇವಿಡ್. ರಾಜ ಮೂರನೇ ರಾಬರ್ಟನ ಹಿರಿಮಗ. ಅವನ ಚಿಕ್ಕಪ್ಪನೇ ಅವನನ್ನ ಹಿಡಿದು ಫೈಫ್ ಸೀಮೆ ಕೋಟೇಲಿ ಕೂಡಿಹಾಕಿದ. ಹೊಟ್ಟೆಬೇನೆಯಿಂದ ಸತ್ತ ಅಂತ ಸಾರಿದ್ರು. ಹೊಟ್ಟೆಗೆ ಹಾಕದೆ ಸಾಯಿಸಿದ್ರು ಅಂತ ಜನ ಹೇಳ್ತಾರೆ.”

ಟೀನಿಯ ಕೈ ಬೋಗುಣಿಯ ಅಂಚಿನಲ್ಲಿ ನಿಂತಿತು. “ಅವನ ತಾಯಿ?”

“ತಾಯಿಯಾ?” ಟೀಚರಿಗೆ ಈ ಪ್ರಶ್ನೆಯನ್ನು ಯಾವ ಮಕ್ಕಳೂ ಕೇಳಿರಲಿಲ್ಲ. “ಹಿಂದಿನ ವರ್ಷವೇ ತೀರಿಕೊಂಡಿದ್ದಳು.”

“ಪುಣ್ಯವಂತೆ. ಆಮೇಲೆ?”

“ಆಮೇಲೆ ಅವನ ತಮ್ಮ ಜೇಮ್ಸ್. ಇವನಾದ್ರೂ ಬದುಕಲಿ ಅಂತ ಅಪ್ಪ ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಿದ. ಇನ್ನೂ ಹುಡುಗ. ದಾರೀಲಿ, ಕಡಲಲ್ಲೇ...” ಟೀಚರು ಕಡಲು ಎಂಬಲ್ಲಿ ನಾಲಿಗೆ ಕಚ್ಚಿಕೊಂಡರು.

“ಕಡಲಲ್ಲಿ ಏನಾಯ್ತು?”

“ವೈರಿಗಳು ಹಿಡಿದ್ರು.”

“ಸತ್ತನಾ?”

ಮಿಸ್ ಬ್ಯಾನಟೈನ್ ಸುಳ್ಳು ಹೇಳದವರು. “ಇಲ್ಲ,” ಎಂದರು ಸಣ್ಣ ದನಿಯಲ್ಲಿ. “ಹದಿನೆಂಟು ವರ್ಷ ಆದ್ಮೇಲೆ ವಾಪಸ್ ಬಂದ.”

ಬಾಗಿಲ ಹಿಂದೆ ಡುಗಾಲ್ಡ್ ಹಣೆ ಚಚ್ಚಿಕೊಂಡ. ಆರಿಸಲು ಕರೆತಂದವರು ಬೆಂಕಿಗೆ ಎಣ್ಣೆ ಸುರಿದಿದ್ದರು. ತಪ್ಪನ್ನು ಸರಿಮಾಡಲು ಟೀಚರು ಉಳಿದ ಡ್ಯೂಕ್‌ಗಳನ್ನು ಬೇಗ ಬೇಗ ಸಾಯಿಸತೊಡಗಿದರು. ನಾಲ್ಕನೇ ಜೇಮ್ಸನ ಕೂಸು ಡ್ಯೂಕ್, ಮೊದಲ ಹುಟ್ಟುಹಬ್ಬ ಕಳೆದು ವಾರಕ್ಕೇ ಹೋಯಿತು. ಅದರ ತಮ್ಮ ಆರ್ಥರನಿಗೆ ವರ್ಷವೂ ತುಂಬಲಿಲ್ಲ. ಐದನೇ ಜೇಮ್ಸನ ಡ್ಯೂಕೂ ಅವನ ಎಳೆಯ ತಮ್ಮನೂ ಒಂದೇ ವಸಂತದಲ್ಲಿ ಹೋದರು. ಒಬ್ಬೊಬ್ಬನ ಹಿಂದೆಯೂ ಟೀನಿ ಅದೇ ಪ್ರಶ್ನೆ ಕೇಳಿದಳು, “ತಾಯಿ?” ಟೀಚರು ಅದೇ ಉತ್ತರ ಹೇಳಿದರು, “ನಾನು ಓದಿದ ಪುಸ್ತಕದಲ್ಲಿ ಬರೆದಿಲ್ಲ.”

“ಹೆನ್ರಿ ಅಂತ ಒಬ್ಬನಿದ್ದ,” ಎಂದರು ಕೊನೆಗೆ. ಈಗ ಅವರಿಗೆ ತಾವು ಯಾಕೆ ಬಂದದ್ದೆಂಬುದೇ ಮರೆತಿತ್ತು. “ಎಲ್ಲರಿಗೂ ಬೇಕಾದ ಹುಡುಗ. ಥೇಮ್ಸ್ ನದೀಲಿ ಈಜ್ತಿದ್ದ. ಹದಿನೆಂಟಕ್ಕೆ ಜ್ವರ ಬಂದು ಹೋದ. ಅವನ ತಾಯಿ ವಿಷಯ ಗೊತ್ತು. ತನ್ನ ಮುಂದೆ ಆ ಮಾತು ಎತ್ತೋದನ್ನೇ ಸಹಿಸ್ತಿರಲಿಲ್ಲವಂತೆ. ಎತ್ತಬೇಡಿ ಅಂತ ಬಂದೋರಿಗೆಲ್ಲ ಮೊದಲೇ ಹೇಳಿ ಕಳಿಸ್ತಿದ್ರಂತೆ.”

ಟೀನಿ ಬೋಗುಣಿಯ ಮೇಲೆ ಬಟ್ಟೆ ಮುಚ್ಚಿದಳು. ಒಲೆಯ ಮೇಲೆ ನೀರು ಮರಳುತ್ತಿತ್ತು.

“ರಾಣಿಯೂ ಪುಣ್ಯವಂತೆಯೇ,” ಎಂದಳು. “ಎತ್ತಬೇಡಿ ಅಂತ ಹೇಳಬೇಕಾಯ್ತಲ್ಲ. ಅಂದ್ರೆ ಎತ್ತೋರು ಇದ್ರು.”

ಮಿಸ್ ಬ್ಯಾನಟೈನ್ ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. “ಹೇಳಿದ್ರಾ?” ಎಂದು ಡುಗಾಲ್ಡ್ ಹಿಂದೆಯೇ ಓಡಿದ.

“ಅವಳು ಹೇಳಿದಳು,” ಎಂದರು ಟೀಚರು.

ಡುಗಾಲ್ಡನ ಬಲಗಿವಿ ಇದನ್ನು ಪೂರ್ತಿ ಕೇಳಿತು. ತಲೆಗೆ ಮಾತ್ರ ಏನೂ ಹೊಳೆಯಲಿಲ್ಲ.

ಶನಿವಾರ ರಾಥ್ಸೆಯ ಬಂದರುಕಟ್ಟೆ ಮದುವೆ ಮನೆಯಂತಿತ್ತು. ಪ್ರೊವೊಸ್ಟರು ಸರಪಳಿ ಧರಿಸಿ, ಬಿಸಿಲಿಗೆ ಬೆವರಿ, ಬಿಳಿ ಕೈಗವಸಿನೊಳಗೆ ಬೆರಳು ತೂರಿಸಲಾಗದೆ ಒದ್ದಾಡುತ್ತಿದ್ದರು. ನೀನಿಯನ್ ತನ್ನ ಗುಂಡಿಗಳಿಗೆ ಎಷ್ಟು ಪಾಲಿಶ್ ಹಾಕಿದ್ದನೆಂದರೆ ಅವನ ಹೊಟ್ಟೆಯ ಮೇಲೆ ಐದು ಸೂರ್ಯ. ಮುಂದಿನ ಸಾಲಿನಲ್ಲಿ ಟೀನಿ. ಇಗರ್ಜಿಗೆ ಹಾಕುವ ಕರಿಯ ಕೋಟು, ತೋಳಿನ ಮೇಲೆ ನೀಲಿ ಉಣ್ಣೆ ಅಂಗಿ, ಎರಡು ಕೈಯಲ್ಲಿ ಬಟ್ಟೆಗಂಟಿನ ಕಡುಬು, ಇನ್ನೂ ಹಬೆಯಾಡುತ್ತಿತ್ತು. ಜನ ಅವಳನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಆಗ ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಅವಳ ಸುತ್ತ ಇದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಪಾಪ ಎನ್ನುವವರು ಯಾವಾಗಲೂ ಮಾಡುವುದು ಅದನ್ನೇ.

ಹಡಗು ಬಂದು ತಾಗಿತು. ಡುಗಾಲ್ಡ್ ಮೇಲಿನ ಕಟಕಟೆಯ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ. ಅವನ ಮುಖ ತೊಳೆದ ಪಿಂಗಾಣಿಯ ಹಾಗಿತ್ತು. ಹಡಗಿನ ಕೆಳ ಅಂತಸ್ತಿನಲ್ಲಿ ಬಂದ ಅತಿಥಿಯನ್ನು ಅವನು ದಾರಿಯಲ್ಲೇ ನೋಡಿಯಾಗಿತ್ತು. ಕೂಗಿ ಹೇಳಬೇಕೆಂದು ಬಾಯಿ ತೆರೆದ. ಬ್ಯಾಂಡು ಶುರುವಾಯಿತು.

ದಾರಿಹಲಗೆಯ ಮೇಲೆ ಭಾರವಾದ ಹೆಜ್ಜೆ ಸದ್ದಾಯಿತು. ಪ್ರೊವೊಸ್ಟ್ ಗಿಲ್‌ಕ್ರಿಸ್ಟರು ಅಭ್ಯಾಸ ಮಾಡಿಕೊಂಡಿದ್ದಂತೆ ಕಣ್ಣು ಮುಚ್ಚಿ ಸೊಂಟದವರೆಗೆ ಬಾಗಿದರು. ಹಾಗೆ ಬಾಗಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಪಾದಗಳು. ಅವರು ಒಮ್ಮೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಗಲೂ ನಾಲ್ಕೇ ಇದ್ದವು, ನಾಲ್ಕಕ್ಕೂ ಗೊರಸು.

ಕಂದು ಬಿಳಿ ಮಚ್ಚೆಯ, ಮೂಗಿಗೆ ಹಿತ್ತಾಳೆ ಬಳೆಯ, ಬೆಟ್ಟದಂಥ ಹೋರಿ. ದನಗಳ ಪ್ರದರ್ಶನಕ್ಕೆ ಬಂದದ್ದು. ತಳಿ ಬೆಳೆಸಿದವರು ಅದಕ್ಕಿಟ್ಟ ಹೆಸರು ರಾಥ್ಸೆಯ ಡ್ಯೂಕ್. ಹಿಂದೆ ಅದೇ ಒರಟು ಉಣ್ಣೆ ಕೋಟಿನವರಲ್ಲಿ ಒಬ್ಬರು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದರು: “ಬ್ಯಾಂಡ್ ಬೇಡ ಅಂದಿದ್ನಲ್ರೀ! ಯಾರ್ರೀ ಬ್ಯಾಂಡ್ ಕರೆಸಿದ್ದು?”

ಡ್ಯೂಕ್ ಬ್ಯಾಂಡನ್ನು ನೋಡಿತು. ದೊಡ್ಡ ಡೋಲು ಒಂದು ಸಲ ಢಂ ಎಂದಿತು, ಅಷ್ಟೇ. ಹಗ್ಗ ಒಂದು ಕಡೆ, ಆಳು ಒಂದು ಕಡೆ. ಪ್ರೊವೊಸ್ಟರು ಮೀನಿನ ಪೀಪಾಯಿಗಳ ನಡುವೆ ಸರಪಳಿ ಸಮೇತ ಮಾಯವಾದರು. ನೀನಿಯನ್ ದೀಪದ ಕಂಬ ಹತ್ತಿದ. ಆ ವಯಸ್ಸಿನಲ್ಲಿ ಅದು ಹೇಗೆ ಸಾಧ್ಯವಾಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಮಿಸ್ ಬ್ಯಾನಟೈನ್ ಟ್ರಂಕುಗಳ ರಾಶಿಯ ಮೇಲೆ ನಿಂತು, “ನಾನು ಮೊದಲೇ ಹೇಳಿದ್ದೆ, ಡ್ಯೂಕ್ ಇಲ್ಲ ಅಂತ,” ಎಂದು ಹೂಗುಚ್ಛದಿಂದ ಗಾಳಿ ಬೀಸಿಕೊಂಡರು. ಕಟ್ಟೆ ಖಾಲಿಯಾಯಿತು. ನಡುವೆ ಉಳಿದವರು ಇಬ್ಬರೇ, ಡ್ಯೂಕ್ ಮತ್ತು ಟೀನಿ.

“ಟೀನಿ, ಓಡು!” ಡುಗಾಲ್ಡ್ ತಟ್ಟೆ ಬಿಸಾಡಿ ಹಲಗೆಯ ಮೇಲೆ ಧಾವಿಸಿದ.

ಅವಳು ಓಡಲಿಲ್ಲ. ಬಟ್ಟೆಯ ಗಂಟು ಬಿಚ್ಚಿದಳು. ಸಕ್ಕರೆ ಪಾಕದ, ದ್ರಾಕ್ಷಿಯ ಬಿಸಿ ವಾಸನೆ ಕಟ್ಟೆಯ ಮೇಲೆ ಹರಡಿತು. ಹೋರಿ ನಿಂತಿತು, ಮೂಸಿತು, ದೊಡ್ಡ ತಲೆಯನ್ನು ಅವಳ ಕೈಗೆ ತಂದಿತು.

“ಮೊದಲನೆಯವನು ಹಸಿದು ಸತ್ತನಂತೆ,” ಎಂದಳು ಟೀನಿ ಅದಕ್ಕೆ. “ನೀನಾದ್ರೂ ತಿನ್ನಪ್ಪ.”

ಅದು ತಿಂದಿತು. ಇಡೀ ಊರು ಕಂಬದ ಮೇಲಿಂದ, ಪೀಪಾಯಿಯ ಹಿಂದಿನಿಂದ, ಸುಂಕದಕಟ್ಟೆಯ ಕಿಟಕಿಯಿಂದ ಒಂದು ತಿಂಗಳ ಸಕ್ಕರೆ ಹೋರಿಯ ಹೊಟ್ಟೆಗೆ ಹೋಗುವುದನ್ನು ಉಸಿರು ಹಿಡಿದು ನೋಡಿತು. ಆಳು ಮೆಲ್ಲಗೆ ಬಂದು ಹಗ್ಗ ಹಿಡಿದ. ಟೀನಿ ಹೋರಿಯ ಹಣೆಯ ಸುಳಿ ನೇವರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, “ನಮ್ಮ ಡ್ಯೂಕಿಗೂ ಈ ಕಡುಬು ಅಂದ್ರೆ ಪ್ರಾಣ ಇತ್ತು.”

ಯಾರೂ ಏನೂ ಅನ್ನಲಿಲ್ಲ. ಅಭ್ಯಾಸಬಲ.

ಗಂಡ ಹೆಂಡತಿ ಮನೆಗೆ ನಡೆದರು. ಮೆಟ್ಟಿಲ ಬುಡದಲ್ಲಿ ಡುಗಾಲ್ಡ್ ಟೋಪಿ ತೆಗೆದ.

“ಅವನಲ್ಲ ಅಂತ ನಿನಗೆ ಗೊತ್ತಿತ್ತಾ?”

“ನನಗೆ ತಲೆ ಕೆಟ್ಟಿಲ್ಲ, ಡುಗಾಲ್ಡ್. ಕಡಲಿಗೆ ಹೋದೋರು ಬುಧವಾರ ಹೇಳಿ ಕಳಿಸಿ ಶನಿವಾರ ಬರಲ್ಲ.” ಅವಳು ಮೆಟ್ಟಿಲ ಮೇಲೆ ಕೂತಳು. “ಮಕ್ಕಳು ಕಿಟಕಿ ಕೆಳಗೆ ಡ್ಯೂಕ್ ಡ್ಯೂಕ್ ಅಂತ ಕೂಗಿದ್ರು. ಐದು ವರ್ಷ ಆಗಿತ್ತು ಆ ಶಬ್ದ ಕೇಳಿ. ಅದನ್ನ ಎಲ್ಲಿ ಕೂಗ್ತಾರೋ ಅಲ್ಲಿ ಹೋಗಿ ಸ್ವಲ್ಪ ಹೊತ್ತು ನಿಂತ್ಕೊಳ್ಳೋಣ ಅನ್ನಿಸಿತ್ತು. ಬರಿಗೈಲಿ ಹೇಗೆ ಹೋಗ್ಲಿ? ಅದಕ್ಕೇ ಕಡುಬು.”

“ಆದ್ರೆ ನೀನೇ ಬೇಡ ಅಂದೆಯಲ್ಲ.”

“ಏನು ಬೇಡ ಅಂದೆ?”

“ತಂತಿ ಬಂದ ಸಂಜೆ. ಕಿಟಕಿ ಹತ್ರ. ‘ಅವನ ಹೆಸರು ಎತ್ತಬೇಡ’ ಅಂದೆ. ನಾನು ಊರಿಗೆಲ್ಲ ಹೇಳಿದೆ. ಯಾರೂ ಎತ್ತಲಿಲ್ಲ ಟೀನಿ. ಒಬ್ಬರೂ ತಪ್ಪಲಿಲ್ಲ.” ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು; ಪಾಪ, ಐದು ವರ್ಷದಲ್ಲಿ ಅವನು ಅಚ್ಚುಕಟ್ಟಾಗಿ ನಡೆಸಿದ ಕೆಲಸ ಅದೊಂದೇ.

ಟೀನಿ ಅವನನ್ನು ನೋಡಿದಳು. ಅವನ ಎಡಗಿವಿಯನ್ನು ನೋಡಿದಳು, ಬಲಗಿವಿಯನ್ನು ನೋಡಿದಳು. ದೂರದಲ್ಲಿ, ವಾಪಸ್ ಹೋಗುವ ಹಡಗು ಸೀಟಿ ಊದಿತು. ಅದು ಮುಗಿಯುವವರೆಗೆ ಅವಳು ಕಾದಳು.

“ನಾನು ಅಂದಿದ್ದು, ‘ಅವನ ಹೆಸರು ಎತ್ತದೇ ಇರಬೇಡ’ ಅಂತ.”

ಡುಗಾಲ್ಡ್ ಟೋಪಿಯನ್ನು ಮೆಟ್ಟಿಲ ಮೇಲಿಟ್ಟ. ಆಮೇಲೆ ಅವಳ ಕೆಳಗಿನ ಮೆಟ್ಟಿಲ ಮೇಲೆ, ಟೋಪಿಯ ಮೇಲೆಯೇ, ಕೂತುಬಿಟ್ಟ.

“ನೀವೆಲ್ಲ ಅವನನ್ನ ಮರೆತುಬಿಟ್ರಿ ಅಂದ್ಕೊಂಡಿದ್ದೆ,” ಎಂದಳು ಅವಳು. “ನನಗೆ ಸಿಟ್ಟೂ ಬರ್ತಿರಲಿಲ್ಲ. ಯುದ್ಧ, ಎಲ್ಲರ ಮನೇಲೂ ಒಂದೊಂದು ಕಷ್ಟ, ಎಷ್ಟು ದಿನ ಅಂತ ನೆನಪಿಟ್ಕೋತಾರೆ ಅಂದ್ಕೊಂಡೆ. ನೀನೂ ಮಳೆ ವಿಷಯಾನೇ ಮಾತಾಡ್ತಿದ್ದೆ.”

ಮೇಲಿನ ಬಾಗಿಲು ಕಿರ್ ಎಂದಿತು. ಬೆಲ್ ಲಾಮಂಟ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಮೆಟ್ಟಿಲಿನಲ್ಲಿ ಕಿವಿ ಸರಿ ಇಲ್ಲದವನು ಡುಗಾಲ್ಡ್ ಒಬ್ಬನೇ. ಅವಳು ಬಂದು ಟೀನಿಯ ಪಕ್ಕದಲ್ಲಿ ಜಾಗ ಮಾಡಿಕೊಂಡಳು.

“ನನ್ನ ಕಿಟಕಿ ಗಾಜು,” ಎಂದಳು ಬೆಲ್, ಎದುರಿನ ಗೋಡೆ ನೋಡುತ್ತ. “ನೀನು ತಿಳ್ಕೊಂಡಿರೋದು ಅವನು ಒಂದು ಸಲ ಒಡೆದ ಅಂತ. ಎರಡು ಸಲ. ಎರಡನೇ ಸಲ ಒಡೆದಾಗ ನಿನಗೆ ಹೇಳಬೇಡಿ ಅಂತ ಅತ್ತ. ನಾನು ಹೇಳಲಿಲ್ಲ.”

“ಎರಡು ಸಲಾನಾ?” ಟೀನಿ ಹಸಿದವಳ ಹಾಗೆ ಕೇಳಿದಳು.

“ಎರಡು ಸಲ. ಆಮೇಲೆ ಒಂದು ವಾರ ನನ್ನ ಡ್ಯೂಕನ್ನ, ನಾಯೀನ, ತಾನೇ ತಿರುಗಾಡಿಸ್ಕೊಂಡು ಬಂದ, ದಂಡ ಅಂತ.”

ಕೆಳಗಿನ ಮನೆಯವರೂ ಹೊರಗೆ ಬಂದರು. ಹೂಗುಚ್ಛ ಹಿಂದಿರುಗಿಸುವುದಕ್ಕೋ ಏನೋ ಮಿಸ್ ಬ್ಯಾನಟೈನ್ ಬಂದವರು, ಡ್ಯೂಕ್ ಸ್ಟೂವರ್ಟ್ ರಾಜರ ಪರೀಕ್ಷೆಯಲ್ಲಿ ಎಲ್ಲ ಉತ್ತರಕ್ಕೂ ‘ಜೇಮ್ಸ್’ ಎಂದು ಬರೆದು ಪಾಸಾದದ್ದನ್ನು ಹೇಳಿದರು. ಮೀನಿನ ವಾಸನೆಯ ಸರಪಳಿಯೊಂದಿಗೆ ಪ್ರೊವೊಸ್ಟರೂ ಬಾಗಿಲಲ್ಲಿ ನಿಂತು, ಕೊನೆಯ ಸಲ ಹೊರಡುವಾಗ ಹುಡುಗ ಅಮ್ಮನಿಗೆಂದು ತಮ್ಮ ಅಂಗಡಿಯಲ್ಲಿ ನೀಲಿ ಉಣ್ಣೆ ಆರಿಸಿದ್ದನೆಂದೂ, ಬಂದಮೇಲೆ ತೆಗೆದುಕೊಳ್ಳುತ್ತೇನೆಂದು ಎತ್ತಿಡಿಸಿದ್ದನೆಂದೂ ಹೇಳಿದರು. ಅದು ಇನ್ನೂ ಅಂಗಡಿಯ ಮೇಲಿನ ಹಲಗೆಯಲ್ಲಿ ಹಾಗೇ ಇತ್ತು. ಯಾರಿಗೆ ಕೊಡಬೇಕೋ ಅವರ ಮುಂದೆ ಹೆಸರು ಎತ್ತುವ ಹಾಗಿರಲಿಲ್ಲವಲ್ಲ.

ಟೀನಿ ಒಂದೊಂದು ಮಾತಿಗೂ ತಲೆಯಾಡಿಸಿದಳು. ಅವಳ ಕೆನ್ನೆ ಪೂರ್ತಿ ನೆನೆದಿತ್ತು, ಒರೆಸಿಕೊಳ್ಳಲಿಲ್ಲ. ಕತ್ತಲಾಗುವ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಇಬ್ಬರೇ ಉಳಿದಾಗ ಅವಳು ನೀಲಿ ಅಂಗಿಯನ್ನು ಮಡಿಲಲ್ಲಿ ಮಡಿಸಿ, ಮೆಲ್ಲಗೆ, ತನಗೇ ಹೇಳಿಕೊಂಡಂತೆ, ಇಗರ್ಜಿಯ ಹೊರಗೆ ಯಾರೂ ಕರೆಯದ ಹೆಸರು ಹೇಳಿದಳು.

“ಲಾಕ್ಲನ್.”

ಡುಗಾಲ್ಡ್ ಅವಳ ಎಡಗಡೆಗೆ ಸರಿದು ಕೂತಿದ್ದ; ಒಳ್ಳೆಯ ಕಿವಿ ಅವಳ ಬಾಯಿಯ ಹತ್ತಿರವೇ ಇತ್ತು. ಅಕ್ಷರ ಅಕ್ಷರವೂ ಅವನಿಗೆ ಕೇಳಿಸಿತ್ತು.

“ಏನಂದೆ?” ಎಂದ ಅವನು. “ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು.”